ಉದ್ದ ಬೆರಳಿನ ಮನೆ

ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಅವರು ಗಿಡ್ಡ. ಗಂಡ, ಮಗ, ಮಗಳು ಮಾತ್ರ ಎತ್ತರ, ಕಡ್ಡಿಯಂಥ ಮೈ, ಉದ್ದುದ್ದ ಬೆರಳು. ‘ಮಗ್ಗಕ್ಕೇ ಹುಟ್ಟಿದ ಕೈ’ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ದೊಡ್ಡಮ್ಮ ಎಳೆಯನ್ನು ಹಲ್ಲಿನಿಂದಲೇ ಕಡಿದು, “ನೂಲು ಸುಳ್ಳು ಹೇಳಲ್ಲ ಕಣಮ್ಮ” ಎನ್ನುವರು. ಮಗಳು ಮಗ್ಗದಿಂದ ಕೂಗಿದರೆ ಸಿಡುಕುವರು: “ಮೆಲ್ಲಗೆ ಮಾತಾಡೇ, ಬೀದಿಗೆಲ್ಲ ಕೇಳ್ತೈತೆ.”

ತೊಂಬತ್ತರ ದಶಕದ ಕೊನೆಗೆ ಮಗನಿಗೆ ಎದೆ ಹಿಡಿದುಕೊಂಡಿತು. ಕೆಲವು ವರ್ಷ ಮೊದಲು ಗಂಡನೂ ಹಾಗೇ ಹೋಗಿದ್ದರು. ವಾಯು ಎಂದು ಎಲ್ಲರೂ ಓಂಕಾಳಿನ ಕಷಾಯ ಕುಡಿಸಿದರು. ದಾವಣಗೆರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹುಡುಗ ಹೋಗಿಬಿಟ್ಟಿದ್ದ. ಶ್ವಾಸಕೋಶ ಕುಸಿದಿತ್ತು. ಇದು ಉದ್ದ ಬೆರಳಿನ ಜೊತೆಗೇ ವಂಶದಲ್ಲಿ ಇಳಿದು ಬರುವ ಕಾಯಿಲೆಯಿರಬೇಕು, ಇಂಥವರು ಎರಡೂ ತೋಳು ಚಾಚಿದರೆ ಆ ಅಳತೆ ಅವರ ಎತ್ತರವನ್ನೂ ಮೀರುತ್ತದೆ ಎಂದರು ಡಾಕ್ಟರು.

ತಿಥಿ ಮುಗಿದ ಮರುದಿನ ದೊಡ್ಡಮ್ಮ ಮಗಳನ್ನು ಗೋಡೆಗೆ ನಿಲ್ಲಿಸಿದರು. ಅಂಗಾಲಿನಿಂದ ನೆತ್ತಿಗೆ ಎಳೆ ಹಿಡಿದು ಕಡಿದರು. ಅದನ್ನೇ ಅವಳ ಚಾಚಿದ ತೋಳುಗಳಿಗೆ ಹಿಡಿದರೆ ಎಳೆ ಸಾಲಲಿಲ್ಲ. ದೊಡ್ಡಮ್ಮ ಅಳಲಿಲ್ಲ. ಎಳೆಯನ್ನು ಸೆರಗಿಗೆ ಕಟ್ಟಿಕೊಂಡರು.

ಮರುವರ್ಷ ಮಗಳಿಗೂ ಎದೆ ಹಿಡಿಯಿತು. ಯಾರೋ ಓಂಕಾಳು ತಂದರು. “ಅತ್ಲಾಗಿಡ್ರಿ ಅದನ್ನ! ಜೀಪ್ ಕರೀರಿ!” ಎಂದು ದೊಡ್ಡಮ್ಮ ಗುಡುಗಿದರು. ಆಸ್ಪತ್ರೆಯ ಬಾಗಿಲಲ್ಲೇ, “ಇವಳಣ್ಣಂಗಿದ್ದಿದ್ದೇ ಇವಳಿಗೂ ಐತೆ” ಎಂದರು. ಡಾಕ್ಟರು ಕೂಡಲೇ ಪಕ್ಕೆಗೆ ನಳಿಗೆ ಹಾಕಿ ಎದೆಯೊಳಗೆ ಸೇರಿಕೊಂಡಿದ್ದ ಗಾಳಿ ಹೊರಗೆ ತೆಗೆದರು. ಶ್ವಾಸಕೋಶ ಮತ್ತೆ ಅರಳಿತು.

ಮಗಳು ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ನಾನೂ ದೊಡ್ಡಮ್ಮನೂ ಅವರ ಕಟ್ಟೆಯ ಮೇಲೆ ಕೂತಿದ್ದೆವು. “ಅವ್ವಾ, ಟೀ!” ಒಳಗಿನಿಂದ ಮಗಳ ಕೂಗು ಬೀದಿಗೆಲ್ಲ ಕೇಳಿಸಿತು. ಈಗ ಸಿಡುಕುತ್ತಾರೆ ಎಂದುಕೊಂಡೆ. ದೊಡ್ಡಮ್ಮ ಬಾಯಲ್ಲಿದ್ದ ಎಳೆ ತೆಗೆದು ಬಾಗಿಲ ಕಡೆ ತಿರುಗಿದರು.

“ಕೇಳ್ಸಲಿಲ್ಲ ಕಣೇ, ಇನ್ನೂ ಜೋರಾಗಿ ಕೂಗು!”