ತೊಳೆದಿಟ್ಟ ಗುಂಡುಗಳು

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಅಕ್ಟೋಬರ್ ಎಂದರೆ ಎರಡೇ ಸಂಗತಿ, ಬಿಡದ ಜಿಟಿಜಿಟಿ ಮಳೆ ಮತ್ತು ದಸರಾ. ನನಗೆ ಹನ್ನೆರಡು ತುಂಬಿದ ವರ್ಷ ಅದಕ್ಕೆ ಮೂರನೆಯದೊಂದು ಸೇರಿಕೊಂಡಿತು, ಜಿಂಕೆ ಬೇಟೆಯ ಸೀಸನ್. ಎರಡು ಸಾವಿರದ ದಶಕದ ನಡುವಿನ ಮಾತು. ಅಮೆರಿಕದ ಪಶ್ಚಿಮ ಕರಾವಳಿಯ ಊರು ಮುಕಿಲ್ಟಿಯೊ, ಅಲ್ಲಿ ನಮ್ಮ ಬೀದಿಯಲ್ಲಿ ಕನ್ನಡದ ಮನೆ ನಮ್ಮದೊಂದೇ. ಉಳಿದ ಕನ್ನಡದವರೆಲ್ಲ ಬೆಲ್ವ್ಯೂ ಕಡೆ ಸಾಫ್ಟ್‌ವೇರ್ ಮಾಡಿಕೊಂಡಿದ್ದರು. ಅಪ್ಪ ಮಾತ್ರ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ಕಿಟಕಿ ತೆಗೆದರೆ ಫೆರ್ರಿ ಹಡಗಿನ ಭೋಂಕಾರ, ಒದ್ದೆ ಮರದ ವಾಸನೆ. ಮುಚ್ಚಿದರೆ ಅಮ್ಮನ ಒಗ್ಗರಣೆ.

ಅಪ್ಪನ ಊರು ಹೆಗ್ಗಡದೇವನಕೋಟೆ ಕಡೆ. ರಾಗಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಓಡಿಸಲು ತಾತನ ಹತ್ತಿರ ಲೈಸೆನ್ಸ್ ಕೋವಿ ಇತ್ತಂತೆ. ಆಯುಧಪೂಜೆಯ ದಿನ ಅದನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಕುಂಕುಮ ಇಡುವ ಕೆಲಸ ಅಪ್ಪನದು. "ಎಸ್ಸೆಸ್ಸೆಲ್ಸಿ ಪಾಸಾಗು, ಒಂದ್ಸಲ ಹಾರಿಸೋಕೆ ಕೊಡ್ತೀನಿ" ಎಂದಿದ್ದರಂತೆ ತಾತ. ಅಪ್ಪ ಪಾಸಾಗುವ ಹೊತ್ತಿಗೆ ತಾತನ ಕಣ್ಣು ಮಂಜಾಗಿ, ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬಂದಿದ್ದರು. ಈ ಕಥೆಯನ್ನು ಅಪ್ಪ ನಗುತ್ತಲೇ ಹೇಳುತ್ತಿದ್ದರು. ಆದರೆ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು.

ಪಕ್ಕದ ಮನೆಯ ಡೇಲ್ ಅಂಕಲ್ ಅದೇ ಕಾರ್ಖಾನೆಯಿಂದ ರಿಟೈರ್ ಆದವರು. ಅಪ್ಪ ಸಿಟಿಜನ್ ಆದ ಬೇಸಿಗೆಯಲ್ಲಿ ಅವರು ಒಂದು ಗಿಡ್ಡ ರೈಫಲ್ಲನ್ನು ನಮ್ಮ ಗ್ಯಾರೇಜಿಗೆ ತಂದರು. ಮೊಮ್ಮಗಳದಂತೆ, ಅವಳು ಎತ್ತರ ಬೆಳೆದುಬಿಟ್ಟಿದ್ದಳು. ನಿನ್ನ ಮಗಳ ಅಳತೆಗೆ ಸರಿಹೋಗುತ್ತದೆ, ಬೇಕಾದರೆ ಈ ಸೀಸನ್ನಿಗೆ ಇವಳನ್ನು ಕರೆದುಕೊಂಡು ಬಾ ಎಂದರು. ಅಪ್ಪ ನನ್ನ ಕಡೆ ತಿರುಗಿ, "ಹೋಗೋಣ್ವಾ ಪುಟ್ಟಿ?" ಎಂದು ಕೇಳಿದರು. ಅವರ ಮುಖ ಚಿಕ್ಕ ಹುಡುಗನ ಹಾಗೆ ಆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. "ಓಕೆ" ಎಂದೆ. ಮೈಸೂರಿನಿಂದ ಏಳನೇ ವರ್ಷಕ್ಕೆ ಬಂದವಳು ನಾನು, ಕನ್ನಡ ಬರುತ್ತಿದ್ದರೂ ಬಾಯಿಗೆ ಸೋಮಾರಿತನ. ಎಲ್ಲಕ್ಕೂ ಓಕೆ ಎಂದು ತೇಲಿಸಿಬಿಡುತ್ತಿದ್ದೆ.

ಅಮ್ಮನಿಗೆ ಇದು ಹಿಡಿಸಲಿಲ್ಲ. "ಹೆಣ್ಣುಮಗು ಕೈಗೆ ಕೋವಿ ಕೊಡ್ತೀರಲ್ರೀ, ಭರತನಾಟ್ಯದ ಕ್ಲಾಸಿಗೆ ಹೋಗು ಅಂದ್ರೆ ಹೋಗಲ್ಲ ಇವಳು" ಎಂದಳು. ಆದರೂ ವಾರಕ್ಕೆರಡು ಸಂಜೆ ನನ್ನನ್ನು ಲೈಸೆನ್ಸಿಗೆ ಬೇಕಾದ ಬೇಟೆಯ ಕ್ಲಾಸಿಗೆ ಡ್ರೈವ್ ಮಾಡಿ ಬಿಡುತ್ತಿದ್ದವಳು ಅವಳೇ. ನಾನು ಪರೀಕ್ಷೆ ಪಾಸು ಮಾಡಿ ಕಾರ್ಡು ತಂದ ದಿನ ಅಪ್ಪ ಕೇಸರಿಬಾತ್ ಮಾಡಿಸಿದರು.

ಇನ್ನು ಗುಂಡು ಆರಿಸುವ ಕೆಲಸ. ಒಂದು ಶನಿವಾರ ಟಕ್ವಿಲಾದ ಮಾಲ್ ಹತ್ತಿರದ ದೊಡ್ಡ ಅಂಗಡಿಗೆ ಹೋದೆವು. ಅಪ್ಪನ ಕೈಯಲ್ಲಿ ಆಫೀಸಿನ ಪ್ರಿಂಟರಿನಲ್ಲಿ ತೆಗೆದ ನಾಲ್ಕು ಹಾಳೆ, ತುಂಬಾ ಲೆಕ್ಕ. ಯಾವ ಗುಂಡು ಎಷ್ಟು ಗಜಕ್ಕೆ ಎಷ್ಟು ಇಳಿಯುತ್ತದೆ, ನನ್ನ ಭುಜಕ್ಕೆ ಎಷ್ಟು ಒದೆಯುತ್ತದೆ ಎಂದೆಲ್ಲ. ಗೋಡೆಯುದ್ದಕ್ಕೂ ಡಬ್ಬಿಗಳು. ಗುಂಡಿನ ತೂಕವನ್ನು ಗ್ರೇನಿನಲ್ಲಿ ಹೇಳುತ್ತಾರೆ. ಐವತ್ತೈದು ಗ್ರೇನಿನದು ನರಿಗೆ ಸರಿ, ಜಿಂಕೆಗೆ ಸಾಲದು. ಜಿಂಕೆಗೆ ತೊಂಬತ್ತೈದೋ ನೂರೋ ಬೇಕು. ಅದರಲ್ಲೂ ಮೂತಿಯಲ್ಲಿ ಮೆತ್ತನೆ ಸೀಸ ಇರುವುದೊಂದು, ಪ್ಲಾಸ್ಟಿಕ್ ತುದಿಯದೊಂದು, ಪೂರಾ ತಾಮ್ರದ್ದೊಂದು. ಇವೆಲ್ಲ ಒಳಗೆ ಹೋದಮೇಲೆ ಹೂವಿನ ಹಾಗೆ ಅರಳುತ್ತವೆ ಎಂದು ಡಬ್ಬಿಯ ಮೇಲೆ ಚಿತ್ರ ಬೇರೆ ಬರೆದಿದ್ದರು. ನನಗೆ ತಲೆ ಗಿರ್ ಅಂದಿತು.

"ನೀನೇ ಆರಿಸು ಪುಟ್ಟಿ. ಹಾರಿಸೋಳು ನೀನು" ಎಂದರು ಅಪ್ಪ.

ನಾನು ಬಹಳ ಹೊತ್ತು ಡಬ್ಬಿಗಳನ್ನೇ ನೋಡಿದೆ. ಆಮೇಲೆ ಕೌಂಟರಿನಲ್ಲಿದ್ದ ನರೆಗೂದಲ ಹೆಂಗಸನ್ನು ಕೇಳಿದೆ, ಇವುಗಳಲ್ಲಿ ಯಾವುದು ಜಿಂಕೆಗೆ ಕಡಿಮೆ ನೋವು ಕೊಡುತ್ತದೆ ಎಂದು. ಅಪ್ಪ ಕೈಲಿದ್ದ ಹಾಳೆಗಳನ್ನು ಮಡಚಿದರು. ಆಕೆ ನಗಲಿಲ್ಲ. ನೀನು ಸರಿಯಾದ ಜಾಗಕ್ಕೆ ಹೊಡೆಯಬಲ್ಲೆ ಅನ್ನುವ ಗುಂಡು ಯಾವುದೋ ಅದು ಮಗೂ, ಎಂದಳು. ಮೂರು ಬಗೆಯದು ಒಂದೊಂದು ಡಬ್ಬಿ ಕೊಟ್ಟು, ಹಾರಿಸಿ ನೋಡಿ ಎಂದಳು. ಉತ್ತರ ಒಳ್ಳೆಯದೇ. ಆದರೆ ನಾನು ಕೇಳಬೇಕೆಂದಿದ್ದದ್ದು ಪೂರ್ತಿ ಅದೇ ಆಗಿರಲಿಲ್ಲ. ಪೂರ್ತಿ ಏನು ಎಂದು ನನಗೂ ಗೊತ್ತಿರಲಿಲ್ಲ.

ಮರುದಿನ ಡೇಲ್ ಅಂಕಲ್ ನಮ್ಮನ್ನು ಶೂಟಿಂಗ್ ರೇಂಜಿಗೆ ಕರೆದೊಯ್ದರು. ದೀಪಾವಳಿ ಪಟಾಕಿಯ ವಾಸನೆ ಅಲ್ಲಿ ವರ್ಷವಿಡೀ ಇರುತ್ತದೆಂದು ಅವತ್ತು ಗೊತ್ತಾಯಿತು. ಮೊದಲ ಎರಡು ಬಗೆಯಲ್ಲಿ ಕಾಗದದ ತುಂಬ ಎಲ್ಲೆಂದರಲ್ಲಿ ತೂತು. ಮೂರನೆಯದು, ನೂರು ಗ್ರೇನಿನ ಸೀಸದ ಮೂತಿಯದು, ನನ್ನ ಕೈಗೆ ಒಗ್ಗಿತು. ಐದು ತೂತುಗಳೂ ಅಮ್ಮನ ಕುಂಕುಮದ ಭರಣಿ ಮುಚ್ಚುವಷ್ಟು ಜಾಗದಲ್ಲಿ. ಅಪ್ಪ ಕೂಗಿದ ಕೂಗಿಗೆ ಪಕ್ಕದವರು ತಿರುಗಿ ನೋಡಿದರು. ಡೇಲ್ ಅಂಕಲ್ ರೈಫಲ್ಲಿನ ದುರ್ಬೀನನ್ನು ಆ ಗುಂಡಿಗೇ ಹೊಂದಿಸಿ, ಇನ್ನು ಗುಂಡು ಬದಲಾಯಿಸುವ ಹಾಗಿಲ್ಲ, ಬದಲಾಯಿಸಿದರೆ ಗುರಿ ಬೇರೆ ಕಡೆ ಹೋಗುತ್ತದೆ ಎಂದರು. ಡಬ್ಬಿಯಲ್ಲಿ ಆ ಜಾತಿಯವು ಒಂಬತ್ತು ಉಳಿದಿದ್ದವು. ಮನೆಗೆ ಬರುವಾಗ ನನಗೆ ಹೆಮ್ಮೆ ತಡೆಯಲಾಗುತ್ತಿರಲಿಲ್ಲ. ಅದೇ ರಾತ್ರಿ ಊಟಕ್ಕೆ ಕೂತಾಗ ಡಬ್ಬಿಯ ಮೇಲಿದ್ದ ಆ ಅರಳಿದ ಗುಂಡಿನ ಚಿತ್ರ ನೆನಪಾಗಿ, ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಎರಡೂ ನಿಜ.

ಆ ಮಂಗಳವಾರ ಆಯುಧಪೂಜೆ. ಅಪ್ಪ ಕೆಲಸಕ್ಕೆ ಹೋಗಿದ್ದರು. ಅಮ್ಮ ಪೂಜೆಗೆ ಇಡಬೇಕಾದ ಸಾಮಾನುಗಳನ್ನೆಲ್ಲ ಅಡುಗೆಮನೆಯಲ್ಲಿ ಗುಡ್ಡೆ ಹಾಕಿದ್ದಳು, ಸ್ಪ್ಯಾನರ್, ಕತ್ತರಿ, ಲ್ಯಾಪ್‌ಟಾಪ್, ಮಿಕ್ಸಿ, ಮೂರು ಡಬ್ಬಿ ಗುಂಡು. ಸಿಂಕಿನಲ್ಲಿ ಹುಣಸೆಹಣ್ಣಿನ ನೀರಿನ ಪಾತ್ರೆ. ಅದರಲ್ಲಿ ದೀಪ, ಗಂಟೆ, ಪಂಚಪಾತ್ರೆ ನೆನೆಯುತ್ತಿದ್ದವು. ಅಮ್ಮ ಒಂದು ಗುಂಡನ್ನು ಬೆಳಕಿಗೆ ಹಿಡಿದು, "ಇದೂ ಹಿತ್ತಾಳೆನೇ ಅಲ್ವೇನೇ? ಹೇಗೆ ಮಂಕಾಗಿದೆ ನೋಡು. ಕೊಳೆ ಇಟ್ಕೊಂಡು ದೇವರ ಮುಂದೆ ಇಡೋಕಾಗುತ್ತಾ? ಇವನ್ನೂ ತೊಳೀಲಾ?" ಎಂದು ಕೇಳಿದಳು.

ಗುಂಡುಗಳಿಗೆ ನೀರು ಸೋಕಿಸಬಾರದು ಎಂಬುದು ನಮ್ಮ ಕ್ಲಾಸಿನ ಪುಸ್ತಕದಲ್ಲಿತ್ತು. ಪರೀಕ್ಷೆಯಲ್ಲಿ ಅದಕ್ಕೆ ಸರಿ ಉತ್ತರ ಬರೆದಿದ್ದೆ. ನಾನು ಮಿಕ್ಸಿಯನ್ನೇ ನೋಡುತ್ತಾ "ಹೂಂ" ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೇಟೆಗೆ ಹೋಗಲು ಹೆದರಿಕೆಯೇ? ಇರಬಹುದು. ಆದರೆ ಹೋಗಬೇಕೆಂಬ ಆಸೆಯೂ ಅಷ್ಟೇ ಇತ್ತು. ಅಮ್ಮ ಎಲ್ಲ ಗುಂಡುಗಳನ್ನೂ ಒಂದು ಗಂಟೆ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ, ಒರೆಸಿ, ಒಂದೊಂದಕ್ಕೂ ಗಂಧ ಕುಂಕುಮ ಇಟ್ಟಳು. ಸಂಜೆ ಅಪ್ಪ ಬಂದು ಅವುಗಳ ಹೊಳಪು ನೋಡಿ, "ಚಿನ್ನದ್ದು ಮಾಡಿಬಿಟ್ಟಿದೀಯಲ್ಲೇ!" ಎಂದು ಹಿಗ್ಗಿದರು. ಅಷ್ಟು ಓದಿದ ಇಂಜಿನಿಯರಿಗೂ ಅದು ಹೊಳೆಯಲಿಲ್ಲ. ಅವರ ಕಣ್ಣಿಗೆ ಕಂಡದ್ದು ತಾತನ ಮನೆಯ ಪೂಜೆ ಅಂತ ಕಾಣುತ್ತೆ. ಬುಧವಾರ, ಗುರುವಾರ ನಾನು ಬಾಯಿ ಬಿಡಲಿಲ್ಲ.

ಶುಕ್ರವಾರ ಸಂಜೆ ಅಮ್ಮ ದಾರಿಗೆಂದು ಚಪಾತಿ, ಆಲೂಗೆಡ್ಡೆ ಪಲ್ಯ ಕಟ್ಟುತ್ತಿದ್ದಳು. ಮರುದಿನ ಬೆಳಿಗ್ಗೆ ಬೇಟೆಗೆ ಬೆಟ್ಟ ದಾಟಿ ಆಚೆಗೆ ಹೋಗಬೇಕು. ಡೇಲ್ ಅಂಕಲ್ ಸಾಮಾನು ನೋಡಲು ಬಂದವರು ಡಬ್ಬಿ ತೆರೆದು ಒಂದು ಗುಂಡನ್ನು ಎತ್ತಿ ತಿರುಗಿಸಿ ನೋಡಿದರು. ಇವಕ್ಕೆ ಏನು ಮಾಡಿದಿರಿ ಎಂದು ಕೇಳಿದರು. ಅಮ್ಮ ಸಂತೋಷದಿಂದಲೇ ವಿವರಿಸಿದಳು. ಅವರು ಪಾಪ, ಬಹಳ ಮೆತ್ತಗೆ ಹೇಳಿದರು. ಒಳಗಿನ ಮದ್ದಿಗೆ ನೀರು ಹೋಗಿರಬಹುದು, ಹೋಗಿಲ್ಲದೆಯೂ ಇರಬಹುದು. ಅರ್ಧ ಸಿಡಿದು ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡರೆ ಕಷ್ಟ. ಮಗುವಿನ ಕೈಗೆ ಇದನ್ನು ಕೊಡುವುದಿಲ್ಲ.

ಅಪ್ಪ ಕಾರು ತೆಗೆದುಕೊಂಡು ಹೋಗಿ ಮೂರು ಅಂಗಡಿ ಅಲೆದು ಬಂದರು. ಸೀಸನ್ನಿನ ಹಿಂದಿನ ದಿನ, ಆ ಗುಂಡು ಎಲ್ಲೂ ಉಳಿದಿರಲಿಲ್ಲ. ಬೇರೆ ಜಾತಿಯದು ತಂದರೆ ಗುರಿ ಹೊಂದಿಸಲು ಸಮಯವಿರಲಿಲ್ಲ. ಗ್ಯಾರೇಜಿನಲ್ಲಿ ನಿಂತು ಅಮ್ಮನಿಗೆ ಅಂದರು, "ಬಿಎಸ್ಸಿ ಓದಿದೋಳು ನೀನು! ಮದ್ದಿಗೆ ನೀರು ತಾಗಬಾರದು ಅಂತ ಅಷ್ಟೂ ಗೊತ್ತಾಗಲ್ವಾ? ನನ್ನ ಹತ್ರ ಒಂದು ಮಾತು ಕೇಳಬಾರದಾ?"

"ಹಿತ್ತಾಳೆ ಅಂತ ತೊಳೆದೆ ಕಣ್ರೀ..." ಎಂದ ಅಮ್ಮ ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವಳು ನನ್ನ ಹೆಸರೆತ್ತದೆ ಒಳಗೆ ಹೋದಳು.

ಶನಿವಾರ ಡೇಲ್ ಅಂಕಲ್ ಗೆಳೆಯರ ಜೊತೆ ಹೋದರು. ನಾವು ಮೂವರೂ ಆ ಚಪಾತಿಗಳನ್ನು ಅಡುಗೆಮನೆಯಲ್ಲಿ ಕೂತು ತಿಂದೆವು. ಅಪ್ಪನಿಗೆ ಮುಂದಿನ ವಾರ ಓವರ್‌ಟೈಮ್. ಅಷ್ಟರಲ್ಲಿ ಸೀಸನ್ ಮುಗಿಯಿತು, ರೈಫಲ್ ಡೇಲ್ ಅಂಕಲ್ ಮನೆಗೆ ವಾಪಸ್ ಹೋಯಿತು.

ವಿಚಿತ್ರ ಏನೆಂದರೆ, ಮರುವರ್ಷ ಸೆಪ್ಟೆಂಬರ್ ಹೊತ್ತಿಗೆ ನನಗೆ ಹೋಗಬೇಕೆನಿಸಿತು. ನನ್ನ ಕಾರ್ಡನ್ನು ಅಪ್ಪನ ಕಾರಿನ ಕೀ ಪಕ್ಕ ಇಟ್ಟೆ. ಅವರು ಅದನ್ನು ನೋಡಿ, ಎತ್ತಿ ನನ್ನ ಮೇಜಿನ ಮೇಲೆ ಇಟ್ಟುಹೋದರು. ಇನ್ನೂ ಸಿಟ್ಟಿದೆ ಅಂದುಕೊಂಡೆ. ಆಮೇಲೆ ಹೈಸ್ಕೂಲು, ಗೆಳತಿಯರು, ಮರೆತಂತೆಯೇ ಆಯಿತು. ಬೆಲ್ವ್ಯೂದಲ್ಲಿ ನಾಲ್ಕು ಜನ ಸೇರಿದಾಗೆಲ್ಲ ಅಪ್ಪ, "ನಮ್ಮನೆಯವಳು ಗುಂಡು ತೊಳೆದ ಕಥೆ ಗೊತ್ತಾ?" ಎಂದು ಶುರು ಮಾಡುವರು. ಎಲ್ಲರೂ ಬಿದ್ದು ಬಿದ್ದು ನಗುವರು. ಅಮ್ಮನೂ ನಗುವಳು. ನಾನು ಮೊಸರನ್ನ ಬಡಿಸಿಕೊಳ್ಳುವ ನೆಪದಲ್ಲಿ ಎದ್ದುಹೋಗುತ್ತಿದ್ದೆ.

ಅಮ್ಮ ಹೋಗಿ ಎರಡು ವರ್ಷವಾಯಿತು. ಅಪ್ಪ ಈಗ ನನ್ನ ಜೊತೆಗಿದ್ದಾರೆ. ಮೊನ್ನೆ ಒಂದು ಮಧ್ಯಾಹ್ನ ಕಾಫಿ ಕುಡಿಯುತ್ತಾ ಎಲ್ಲ ಹೇಳಿಬಿಟ್ಟೆ, ಅಮ್ಮ ನನ್ನನ್ನು ಕೇಳಿದ್ದಳು, ನಾನು ಗೊತ್ತಿದ್ದೂ ಹೂಂ ಅಂದೆ ಎಂದು.

"ಗೊತ್ತು ಕಣೆ" ಎಂದರು ಅಪ್ಪ. "ಆ ಶನಿವಾರವೇ ನಿಮ್ಮಮ್ಮ ಹೇಳಿದ್ಲು. ಮಗೂಗೆ ಕೊಲ್ಲೋಕೆ ಇಷ್ಟ ಇಲ್ಲ, ನಿಮ್ಮ ಮುಖ ನೋಡಿ ಒಪ್ಕೊಂಡಿದೆ, ಇನ್ಮೇಲೆ ಆ ವಿಷಯ ಎತ್ತಬೇಡಿ, ತಪ್ಪು ನನ್ನದೇ ಅಂತಿರಲಿ ಅಂದ್ಲು. ನಾನೂ ಎತ್ತಲಿಲ್ಲ. ನೀನು ಕಾರ್ಡ್ ಇಟ್ಟಾಗ ಕೂಡ, ನನ್ನ ಸಮಾಧಾನಕ್ಕೆ ಇಟ್ಟಿದೀಯ ಅಂದ್ಕೊಂಡೆ."

"ನಾನು ಬರ್ತಿದ್ದೆ ಅಪ್ಪ."

ಅವರು ಲೋಟ ಕೆಳಗಿಟ್ಟರು. "ನಿಜವಾಗ್ಲೂ?"

ನಿಜವಾಗಲೂ. ಜಿಂಕೆ ಎದುರಿಗೆ ಬಂದಿದ್ದರೆ ಹೊಡೆಯುತ್ತಿದ್ದೆನೋ ಇಲ್ಲವೋ ಇವತ್ತಿಗೂ ಹೇಳಲಾರೆ. ಆದರೆ ಒಂದು ಚಳಿಯ ಬೆಳಿಗ್ಗೆ ಅಪ್ಪನ ಪಕ್ಕ ಹುಲ್ಲಿನಲ್ಲಿ ಕೂತು, ಉಸಿರು ಬಿಗಿಹಿಡಿದು ಕಾಯುವುದಿತ್ತಲ್ಲ, ಅದು ನನಗೂ ಸಿಗಲಿಲ್ಲ, ಅವರಿಗೂ ಸಿಗಲಿಲ್ಲ. ಈಗ ಅವರ ಮೊಣಕಾಲು ಮೂರು ಮೆಟ್ಟಿಲಿಗೇ ಸೋಲುತ್ತದೆ. ಮೂವರೂ ಒಬ್ಬರಿಗೊಬ್ಬರು ಒಳ್ಳೆಯದು ಮಾಡಲು ಹೋಗಿ ಬಾಯಿ ಮುಚ್ಚಿಕೊಂಡಿದ್ದೆವು. ಅಮ್ಮನಿಗೆ ಇದನ್ನು ಹೇಳಬೇಕಿತ್ತು. ಅಪ್ಪನೂ ಅದನ್ನೇ ಯೋಚಿಸುತ್ತಿದ್ದರು ಅನ್ನಿಸುತ್ತದೆ, ಎದ್ದುಹೋಗಿ ಆರಿದ ಕಾಫಿ ಚೆಲ್ಲಿ, ಇಬ್ಬರಿಗೂ ಮತ್ತೆ ನೀರಿಟ್ಟರು.