ಮಾವನ ಮಾತು ನಡೆಯದ ಪರೀಕ್ಷೆ

ಯಲಬುರ್ಗಾ ಬಸ್ಸಿನಲ್ಲಿ ನನ್ನ ತೋಳ ಮೇಲಿದ್ದ ಕರಿಕೋಟು ನೋಡಿ, ಪಕ್ಕ ಕೂತಿದ್ದ ನನ್ನದೇ ವಯಸ್ಸಿನ ಹೆಂಗಸು ಕೇಳಿದಳು: “ವಕೀಲಕ್ಕಾರ, ಹೊಸಾ ಜಡ್ಜ್ ಸಾಹೇಬ್ರು ಯಾರ ಪೈಕಿರಿ?”

ಹೊಸ ಅಧಿಕಾರಿ ಯಾರೇ ಬರಲಿ, ನಮ್ಮ ಕಡೆ ಮೊದಲು ಕೇಳುವುದು ಇದನ್ನೇ. ಅವಳು ಅಪ್ಪನ ಹೊಲದಲ್ಲಿ ಪಾಲು ಕೇಳಿ ಅಣ್ಣಂದಿರ ಮೇಲೆ ದಾವೆ ಹಾಕಿದ್ದಳಂತೆ.

“ಜಡ್ಜನ್ನ ನಮ್ಮ ಲೀಡರೇ ಹಾಕಿಸ್ಯಾರ, ನೀ ಸೋಲೂದು ಗ್ಯಾರಂಟಿ ಅಂತಾರ್ರಿ ಅಣ್ಣಗೋಳು. ಅದಕ್ಕ ಇವತ್ತ ಕೇಸ್ ವಾಪಸ್ ತಗೊಳ್ಳಾಕ ಹೊಂಟೀನಿ.”

ಜಡ್ಜರನ್ನು ಲೀಡರು ಹಾಕಿಸುವುದಿಲ್ಲ, ಹೈಕೋರ್ಟು ಪರೀಕ್ಷೆ ನಡೆಸಿ ಆರಿಸುತ್ತದೆ, ಉತ್ತರಪತ್ರಿಕೆ ತಿದ್ದುವವರಿಗೆ ಹೆಸರೂ ಕಾಣುವುದಿಲ್ಲ ಎಂದೆಲ್ಲ ಹೇಳಿದೆ.

“ಹೇಳೂದು ಎಲ್ಲಾರೂ ಹಂಗ ಹೇಳ್ತಾರ ಬಿಡ್ರಿ.”

ಆಗ ಯಾರಿಗೂ ಹೇಳದ್ದನ್ನು ಹೇಳಬೇಕಾಯಿತು. “ನೋಡ ಯವ್ವಾ, ಆ ಪರೀಕ್ಷಾ ನಾನೂ ಬರದೀನಿ, ಮೂರು ಸಲ. ನಮ್ಮ ಸೋದರಮಾವ ದೊಡ್ಡ ಲೀಡರಿಗೆ ಬಲಗೈ ಇದ್ದಂಗ. ನನ್ನ ಸಲುವಾಗಿ ಬೆಂಗಳೂರಿಗೂ ಹೋಗಿಬಂದ. ಮೂರೂ ಸಲ ಫೇಲಾದೆ.”

ಅವಳು ನನ್ನ ಮುಖವನ್ನೇ ನೋಡಿದಳು. “ಮಾವನ ಕಡಿಂದನೂ ಆಗಲಿಲ್ಲೇನ್ರಿ?”

“ಆಗಲಿಲ್ಲ.”

ಬಸ್ಸು ನಿಂತಿತು. ಇಳಿಯುವಾಗ ಸೆರಗು ಬಿಗಿದುಕೊಂಡು ಹೇಳಿದಳು: “ಹಂಗಾದ್ರ ಕೇಸ್ ನಡೀಲ್ರಿ. ಸೋತ್ರ ಜಡ್ಜ್ ಸಾಹೇಬ್ರ ಬಾಯಿಂದ ಕೇಳಿ ಸೋಲ್ತೀನಿ, ಅಣ್ಣನ ಬಾಯಿಂದ ಅಲ್ಲ.”

ಅವ್ವ ಇವತ್ತಿಗೂ ನೆಂಟರಿಂದ ಮುಚ್ಚಿಡುವ ನನ್ನ ಫೇಲು, ಮೊದಲ ಸಲ ಒಬ್ಬರ ಉಪಯೋಗಕ್ಕೆ ಬಂದಿತ್ತು. ಮಾವನಿಗೆ ಮಾತ್ರ ಇದನ್ನು ಹೇಳಿಲ್ಲ. ಅವನು ಈಗಲೂ ತನ್ನ ಪ್ರಯತ್ನವೇ ಸಾಲಲಿಲ್ಲ ಎಂದು ಕೊರಗುತ್ತಿದ್ದಾನೆ.