ಬಾಗಿಲಾಚೆ ಒಬ್ಬರು

ಮೊನ್ನೆ ರಾಮನಗರದ ಒಂದು ಲ್ಯಾಬಿನಲ್ಲಿ ಹುಡುಗಿಯೊಬ್ಬಳು ನೀಲಿ ಮುಚ್ಚಳದ ಪುಟ್ಟ ಬಾಟಲಿಯನ್ನು ನನ್ನ ಕೈಗಿಟ್ಟು ಮೂಲೆಯ ಬಾಗಿಲು ತೋರಿಸಿದಳು. ಒಳಗೆ ಹೋದೆ. ಆಚೆ ಇನ್ನಿಬ್ಬರು ಕಾಯುತ್ತಿದ್ದರು. ಅವರಲ್ಲಿ ಒಬ್ಬ ಕೆಮ್ಮಿದ. ಅಷ್ಟೇ, ನನ್ನ ಕಥೆ ಮುಗಿಯಿತು. ಹತ್ತು ನಿಮಿಷ ಗೋಡೆ ನೋಡಿ, ಖಾಲಿ ಬಾಟಲಿಯನ್ನು ಜೇಬಿಗಿಳಿಸಿ ಈಚೆ ಬಂದೆ.

“ಆಯ್ತಾ ಅಂಕಲ್?”

“ನಾಳೆ ತರ್ತೀನಮ್ಮ.”

ನೀವು ನಕ್ಕರೂ ಪರವಾಗಿಲ್ಲ, ಹೇಳಿಬಿಡುತ್ತೇನೆ. ಹತ್ತಿರ ಯಾರಾದರೂ ಇದ್ದರೆ ನನಗೆ ಒಂದಕ್ಕೆ ಬರುವುದಿಲ್ಲ. ಕಿಬ್ಬೊಟ್ಟೆ ಕಲ್ಲಾಗಿದ್ದರೂ ಬರುವುದಿಲ್ಲ. ದೂರದ ಬಸ್ಸು ನಿಂತಾಗ ಗಂಡಸರೆಲ್ಲ ಬೇಲಿಗೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಾರಲ್ಲ, ಆ ಸಾಲಿನಲ್ಲಿ ನಾನೂ ನಿಂತು, ಓತಿಕ್ಯಾತನನ್ನು ನೋಡುತ್ತ ಹೊತ್ತು ಕಳೆದು, “ಆಯ್ತು ಆಯ್ತು” ಎಂದು ಬಸ್ಸು ಹತ್ತಿಕೊಂಡವನು. ನಲವತ್ತು ವರ್ಷ ಈ ನಾಟಕ ಆಡಿದ್ದೇನೆ. ಆದರೆ ಖಾಲಿ ಬಾಟಲಿ ಜೇಬಿನಲ್ಲಿದ್ದದ್ದು ಇದೇ ಮೊದಲು. ಹಾಗೆ ಖಾಲಿ ಬಾಟಲಿ ಹಿಡಿದು ಬಂದ ಇನ್ನೊಬ್ಬನಿದ್ದ. ಅವನ ಹೆಸರು ನಸೀರ್.

ಆಗ ನಾನು ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ಕುದಿನೀರಿನ ತೊಟ್ಟಿಗಳು, ಹಬೆ, ಬೆಂದ ಗೂಡಿನ ನಾತ. ಅಂಥ ಸೆಕೆಯಲ್ಲಿ ಮಂದಿ ಕೊಡಗಟ್ಟಲೆ ನೀರು ಕುಡಿಯುತ್ತಿದ್ದರು. ನಾನು ಕುಡಿಯುತ್ತಿರಲಿಲ್ಲ. ಅಲ್ಲಿದ್ದದ್ದು ಒಂದೇ ಪಾಯಖಾನೆ. ಅದಕ್ಕೆ ಚಿಲಕವಿಲ್ಲ, ಆಚೆ ಸದಾ ಯಾರೋ “ಬಿರ್ನೆ ಬಾರ್ಲಾ” ಎಂದು ಕೂಗುತ್ತಿದ್ದರು. ಹತ್ತು ಗಂಟೆಗೆ ಟೀ ಬಂದರೆ, “ಇವತ್ತು ಉಪವಾಸ” ಎನ್ನುತ್ತಿದ್ದೆ. ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಶನಿವಾರ ಹನುಮಂತನಿಗೆ. ಉಳಿದ ದಿನಗಳಿಗೂ ಯಾವುದಾದರೂ ದೇವರು ಒದಗುತ್ತಿದ್ದ. ಕಾರ್ಖಾನೆಯವರು ನನ್ನನ್ನು ಸ್ವಾಮಿಗಳು ಎಂದು ಕರೆಯತೊಡಗಿದರು. ನನಗೂ ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಟೀ ಬೇಡವೆನ್ನುತ್ತಿದ್ದ ಇನ್ನೊಬ್ಬನೆಂದರೆ ನೂಲು ತೆಗೆಯುವ ನಸೀರ್. “ಏನ್ಲಾ, ರಂಜಾನ್ ಮುಗ್ದು ಮೂರ್ ತಿಂಗ್ಳಾಯ್ತಲ್ಲ?” ಎಂದು ಯಾರಾದರೂ ಕೆಣಕಿದರೆ, “ಬುಟ್ಟೋಗಿದ್ದ ರೋಜಾ ತೀರಿಸ್ತಾ ಇವ್ನಿ” ಎನ್ನುತ್ತಿದ್ದ. ವರ್ಷವಿಡೀ ತೀರಿಸಿದರೂ ಅವನ ಬಾಕಿ ರೋಜಾ ಮುಗಿಯಲಿಲ್ಲ.

ಒಂದು ಮಧ್ಯಾಹ್ನ ಗೂಡಿನ ಮೂಟೆಗಳ ಹಿಂದೆ ನನ್ನನ್ನು ಕರೆದ. “ಅಣ್ಣಾ, ಪಕ್ಕದಾಗೆ ಯಾರಾರ ನಿಂತ್ರೆ ನಂಗೆ ಒಂದಕ್ಕೆ ಬರಾಕಿಲ್ಲ. ಕಟ್ಕಂಡ್ಬುಡ್ತದೆ. ನಿಮ್ಗೂ ಹಂಗೇನಾ?”

ಜಗತ್ತಿನಲ್ಲಿ ನಾನೊಬ್ಬನೇ ಎಂದುಕೊಂಡಿದ್ದವನಿಗೆ ಆ ಮಾತು ಕೇಳಿ ಎದೆ ಹಾರಿತು. ಅವನ ಕೈ ಹಿಡಿದು “ಹೂಂ ಕಣೋ” ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ. “ಥೂ, ನಂಗ್ಯಾಕ್ಲಾ ಹಂಗಾಯ್ತದೆ? ನಂದು ನಿಜವಾದ ಉಪವಾಸ.”

ಅವನು ಬೇಸರಿಸಿಕೊಳ್ಳಲಿಲ್ಲ. ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಅವನಿಗೆ ಪರ್ಮನೆಂಟ್ ಕೆಲಸ ಗೊತ್ತಾಗಿತ್ತು. ಸೋಮವಾರ ಮೆಡಿಕಲ್ ಮಾತ್ರ ಬಾಕಿ. “ಬಾಟ್ಲಿ ಕೊಡ್ತಾರಂತೆ ಅಣ್ಣ. ಎಲ್ರೂ ಒಂದೇ ಕಡೆ ಹೋಗ್ಬೇಕಂತೆ. ನೀವು ಬಂದು ಬಾಗ್ಲಾಚೆ ನಿಂತ್ಕಂಡು ಯಾರನ್ನೂ ಒಳೀಕೆ ಬುಡದಂಗೆ ಒಸಿ ನೋಡ್ಕಂಡ್ರೆ ಸಾಕು.”

“ನೋಡಣ, ಬತ್ತೀನಿ” ಎಂದೆ.

ಹೋಗಲಿಲ್ಲ. ಅವನ ಜೊತೆ ಬಾಗಿಲಲ್ಲಿ ನಿಂತರೆ ನನ್ನ ಗುಟ್ಟೂ ಬಯಲಾದೀತೆಂದು ಹೆದರಿ, ತಲೆನೋವೆಂದು ಮುಸುಕು ಹಾಕಿಕೊಂಡು ಮಲಗಿದೆ. ಅವನು ನನಗಾಗಿ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟನಂತೆ. ಹಾರೋಹಳ್ಳಿಯಲ್ಲಿ ಮಧ್ಯಾಹ್ನದವರೆಗೂ ನಿಂತು ಖಾಲಿ ಬಾಟಲಿ ವಾಪಸ್ಸು ಕೊಟ್ಟನಂತೆ. ಏನೋ ಕಾಯಿಲೆ ಮುಚ್ಚಿಡುತ್ತಿದ್ದಾನೆಂದು ಫ್ಯಾಕ್ಟರಿಯವರು ಅವನ ಹೆಸರು ಹೊಡೆದುಹಾಕಿದರು. ಮುಂದಿನ ತಿಂಗಳು ಅವನು ನಮ್ಮ ಕಾರ್ಖಾನೆಯನ್ನೂ ಬಿಟ್ಟು, ಬೊಂಬೆ ಮಾಡುವ ಭಾವನ ಕೈಕೆಳಗೆ ಕೆಲಸಕ್ಕೆಂದು ಚನ್ನಪಟ್ಟಣಕ್ಕೆ ಹೋದ. ಇದಾಗಿ ಹದಿನೆಂಟು ವರ್ಷ.

ನನಗೆ ಮಾತ್ರ ಅದೃಷ್ಟ ತಡವಾಗಿಯಾದರೂ ಬಂತು. ಹೋದ ವರ್ಷ ಫೋನಿನಲ್ಲಿ ನಮ್ಮಂಥವರದೇ ಒಂದು ಗುಂಪು ಸಿಕ್ಕಿತು. ಭಾನುವಾರ ಮಾಗಡಿಯ ಒಬ್ಬ ನಿವೃತ್ತ ಹೆಡ್‌ಮಾಸ್ಟರ ಮನೆಯಲ್ಲಿ ಆರು ಜನ ಸೇರುತ್ತೇವೆ. ಸೋಲೂರಿನ ಬಸ್ ಕಂಡಕ್ಟರ್ ಒಬ್ಬರಿದ್ದಾರೆ, ಅವರ ಪಾಡು ಕೇಳಿದರೆ ನನ್ನದು ಏನೂ ಅಲ್ಲ. ಹೊಟ್ಟೆ ತುಂಬ ನೀರು ಕುಡಿಯುವುದು, ಒಬ್ಬರು ಒಳಗೆ ಹೋಗುವುದು, ಇನ್ನೊಬ್ಬರು ಮೊದಲು ಗೇಟಿನಲ್ಲಿ, ಆಮೇಲೆ ಜಗಲಿಯಲ್ಲಿ, ಕೊನೆಗೆ ಬಾಗಿಲಲ್ಲಿ ನಿಲ್ಲುವುದು. ಇಷ್ಟೇ ನಮ್ಮ ಸಾಧನೆ. ನಾನು ಜಗಲಿಯವರೆಗೆ ಪಾಸಾಗಿದ್ದೇನೆ. ಅಲ್ಲಿ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಒಬ್ಬರು ಬಾಗಿಲಾಚೆ ಹೋಗಿ ನಿಂತಾಗಲೆಲ್ಲ ನನಗೆ ನಸೀರ್ ಒಬ್ಬನೇ ಹೋದ ಹಾರೋಹಳ್ಳಿ ನೆನಪಾಗುತ್ತದೆ. ಇಷ್ಟೇ ತಾನೆ ಅವನು ಕೇಳಿದ್ದು?

ಮೊನ್ನೆ ಆ ಲ್ಯಾಬಿನಿಂದ ನೇರ ಚನ್ನಪಟ್ಟಣದ ಬಸ್ಸು ಹತ್ತಿದೆ. ವಿಚಾರಿಸಿಕೊಂಡು ಹೋದರೆ, ನಸೀರ್ ತಿರುಗುವ ಮರದ ಬುಗುರಿಗೆ ಅರಗಿನ ಕಡ್ಡಿ ಒತ್ತಿ ಹಳದಿ ಬಣ್ಣ ಏರಿಸುತ್ತಿದ್ದ. ಗಡ್ಡ ಪೂರಾ ನರೆತಿತ್ತು.

“ಓಹೋ, ಸ್ವಾಮಿಗಳು! ಇವತ್ತ್ಯಾವ ಉಪವಾಸ?”

“ಅದೆಲ್ಲ ಸುಳ್ಳು ಕಣೋ ನಸೀರ. ನಂಗೂ ನಿನ್ನಂಗೇ” ಎಂದೆ. ಜೇಬಿನ ಬಾಟಲಿ ತೆಗೆದು ತೋರಿಸಿದೆ.

ಅವನು ಮೆಷಿನ್ ನಿಲ್ಲಿಸಿದ. “ನಂಗೊತ್ತಿತ್ತಣ್ಣ. ಅದ್ಕೇ ತಾನೆ ಊರ್ನೋರ್ನೆಲ್ಲ ಬುಟ್ಟು ನಿಮ್ಮನ್ನೇ ಕರ್ದಿದ್ದು.”

ಬೈದಿದ್ದರೆ ಚೆನ್ನಾಗಿತ್ತು. ಭಾನುವಾರ ಮಾಗಡಿಗೆ ಬರುತ್ತೀಯಾ ಎಂದು ಕೇಳಿದೆ. “ನೋಡಣ” ಎಂದ. ನನ್ನ ಮಾತನ್ನೇ ನನಗೆ ಕೊಟ್ಟ, ತೆಗೆದುಕೊಂಡೆ.

ಟೀ ತರಿಸಿದ. ನಮ್ಮಿಬ್ಬರಿಗೂ ಅದು ಜೊತೆಯಲ್ಲಿ ಕುಡಿದ ಮೊದಲ ಟೀ. ಕುಡಿದ ಮೇಲೆ ಆಗಬೇಕಾದದ್ದು ಆಯಿತು, ಕೂತಲ್ಲೇ ಮಿಸುಕಾಡಿದೆ. ಅವನಿಗೆ ಅರ್ಥವಾಯಿತು. “ಹಿಂದ್ಗಡೆ ಐತೆ, ಹೋಗಿ. ನಾನ್ ಬಾಗ್ಲಾಚೆ ನಿಂತಿರ್ತೀನಿ.”

ಒಳಗೆ ನಿಂತೆ. ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಚಪ್ಪಲಿ ಕಾಣುತ್ತಿತ್ತು, ಬಣ್ಣ ಮೆತ್ತಿದ ಹಳೇ ಚಪ್ಪಲಿ. ಅಳು ಬಂತು. ಬರಬೇಕಾದದ್ದು ಬರಲಿಲ್ಲ.

“ಆಯ್ತಾಣ್ಣ?” ಎಂದ.

ನಲವತ್ತು ವರ್ಷದ ಅಭ್ಯಾಸ, “ಆಯ್ತು” ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ತಡೆದುಕೊಂಡೆ.

“ಇಲ್ಲ ಕಣೋ.”

“ನಿಧಾನ್ಕಾಗ್ಲಿ” ಎಂದ ನಸೀರ್. “ನಾನೆಲ್ಗೂ ಹೋಗಾಕಿಲ್ಲ.”